ಒಂದು ಜೊತೆ ಶೂ, ನಾಲ್ಕು ಬೆಲೆ

ಅಕ್ಕ ಒಂದು ಭಾನುವಾರ ಬೆಳಗ್ಗೆ ಫೋನ್ ಮಾಡಿದಳು. "ನಿನ್ನ ಅಳಿಯನಿಗೆ ಏನಾಗಿದೆ ಅಂತ ಸ್ವಲ್ಪ ಕೇಳು. ರೂಮಲ್ಲಿ ಹನ್ನೊಂದು ಜೊತೆ ಶೂ ಪೇರಿಸಿಟ್ಟಿದಾನೆ. ಒಂದನ್ನೂ ಹಾಕ್ಕೊಳಲ್ಲ. ವಿಡಿಯೋ ಕಾಲ್‌ನಲ್ಲಿ ತೋರಿಸು ಅಂದ್ರೆ ಡಬ್ಬ ತೆಗೆಯೋಕೂ ಒಪ್ಪಲ್ಲ." ಅಳಿಯ ಡಲ್ಲಾಸ್‌ನಲ್ಲಿ ಎಂಎಸ್ ಓದುತ್ತಿದ್ದ. ನಾನು ಕೇಳಿದ್ದಕ್ಕೆ, "ಮಾವ, ಅದು ಹಾಕೋಕಲ್ಲ, ಸ್ಟಾಕು," ಅಂದ.

ಸ್ಟಾಕು ಅಂದಿದ್ದು ತಮಾಷೆಗಲ್ಲ. ಅವನು ಶೂ ಮಾರುವ ಜಾಗದ ಹೆಸರೇ ಸ್ಟಾಕ್‌ಎಕ್ಸ್. ಡೆಟ್ರಾಯಿಟ್ ನಗರದ ಕಂಪನಿ. 2016ರ ಫೆಬ್ರವರಿಯಲ್ಲಿ ಶುರುವಾಯಿತು. ಇದನ್ನು ಕಟ್ಟಿದವರಲ್ಲಿ ಒಬ್ಬನಾದ ಜಾಶ್ ಲೂಬರ್ ಅದಕ್ಕೂ ಮುಂಚೆ ಕ್ಯಾಂಪ್‌ಲೆಸ್ ಎಂಬ ವೆಬ್‌ಸೈಟ್ ನಡೆಸುತ್ತಿದ್ದ. ಯಾವ ಶೂ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಎಂಬ ಲೆಕ್ಕ ಇಡುವುದಷ್ಟೇ ಅದರ ಕೆಲಸ. ಆ ಲೆಕ್ಕದ ಪುಸ್ತಕವೇ ಮುಂದೆ ಷೇರು ಪೇಟೆಯಂಥ ಒಂದು ಪೇಟೆಯಾಯಿತು. 2021ರ ಏಪ್ರಿಲ್ ಹೊತ್ತಿಗೆ ಹೂಡಿಕೆದಾರರು ಆ ಕಂಪನಿಗೆ ಕಟ್ಟಿದ ಬೆಲೆ 380 ಕೋಟಿ ಡಾಲರ್. ಶೂ ತಯಾರಿಸುವ ಕಂಪನಿಗಲ್ಲ, ಬೇರೆಯವರ ಶೂಗೆ ದಲ್ಲಾಳಿತನ ಮಾಡುವ ಕಂಪನಿಗೆ ಇಷ್ಟು ಬೆಲೆ!

ಅಳಿಯನಿಂದ ನಾನು ಕಲಿತದ್ದನ್ನು, ಆಮೇಲೆ ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಒಂದು ವಿಷಯ ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಈ ಪೇಟೆಯಲ್ಲಿ ಒಂದು ಜೊತೆ ಶೂಗೆ ಒಂದೇ ಬೆಲೆ ಇರುವುದಿಲ್ಲ. ನಾಲ್ಕು ಇರುತ್ತವೆ. ಕಂಪನಿ ಇಟ್ಟ ಡಬ್ಬದ ಬೆಲೆ, ಮಾರುವವನು ಕೇಳುವ ಬೆಲೆ, ಕೊಳ್ಳುವವನು ಕೊಡುತ್ತೇನೆ ಅನ್ನುವ ಬೆಲೆ, ಕೊನೆಗೆ ಕೈಗೆ ಬರುವ ಬೆಲೆ. ದುಡ್ಡು ಕಳೆದುಕೊಳ್ಳುವವರಲ್ಲಿ ಬಹಳ ಜನ ಇವುಗಳಲ್ಲಿ ಒಂದನ್ನು ಇನ್ನೊಂದು ಅಂದುಕೊಂಡವರು.

ಡಬ್ಬದ ಬೆಲೆ

ಬಾಸ್ಕೆಟ್‌ಬಾಲ್ ಆಟಗಾರ ಮೈಖೇಲ್ ಜೋರ್ಡನ್ ಹೆಸರಿನ ಮೊದಲ ಶೂ, ಏರ್ ಜೋರ್ಡನ್ 1, ಅಂಗಡಿಗೆ ಬಂದದ್ದು 1985ರಲ್ಲಿ. ಆಗ ಬೆಲೆ 65 ಡಾಲರ್. ಅದೇ ಕೆಂಪು-ಬಿಳಿ-ಕಪ್ಪು ಶೂವನ್ನು ನೈಕಿ ಕಂಪನಿ ಮತ್ತೆ ಮತ್ತೆ ಹೊರತರುತ್ತಲೇ ಇದೆ. 2022ರ ನವೆಂಬರ್‌ನಲ್ಲಿ ಬಂದ ಒಂದು ಆವೃತ್ತಿಯ ಹೆಸರು 'ಲಾಸ್ಟ್ ಅಂಡ್ ಫೌಂಡ್'. ಬೆಲೆ 180 ಡಾಲರ್. ಅಳಿಯನ ಹತ್ತಿರ ಇದ್ದದ್ದರಲ್ಲಿ ಇದೂ ಒಂದು. ಅವನು ಕೊನೆಗೂ ಡಬ್ಬ ತೆಗೆದು ತೋರಿಸಿದಾಗ ನನಗೆ ನಗು ಬಂತು. ಶೂ ಹೊಚ್ಚ ಹೊಸದು. ಆದರೆ ಕಣಕಾಲಿನ ಹತ್ತಿರ ಲೆದರ್ ಬಿರುಕು ಬಿಟ್ಟಿದೆ. ಅಟ್ಟೆಯ ಬಿಳಿ ಹಳದಿಗೆ ತಿರುಗಿದೆ. ಡಬ್ಬಕ್ಕೂ ಮುಚ್ಚಳಕ್ಕೂ ಹೊಂದಿಕೆಯೇ ಇಲ್ಲ. ಒಳಗೊಂದು ಹಳೇ ಅಂಗಡಿಯ ರಸೀದಿ. ಇದೆಲ್ಲ ಕಂಪನಿಯೇ ಬೇಕಂತ ಮಾಡಿದ್ದು. ಯಾವುದೋ ಹಳ್ಳಿ ಅಂಗಡಿಯ ಗೋದಾಮಿನಲ್ಲಿ ಮೂವತ್ತೈದು ವರ್ಷ ಮರೆತು ಹೋಗಿದ್ದ ಶೂ ಈಗ ಸಿಕ್ಕಿದೆ ಅನ್ನುವ ಹಾಗೆ.

180 ಡಾಲರಿನ ಈ ಶೂ ಬಂದ ಹೊಸತರಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚಿಗೆ ಕೈ ಬದಲಾಯಿಸಿತು. ಹಾಗಿದ್ದರೆ ನೈಕಿಯೇ 350 ಅಂತ ಇಟ್ಟು ಆ ದುಡ್ಡನ್ನು ತಾನೇ ಜೇಬಿಗೆ ಹಾಕಿಕೊಳ್ಳಬಹುದಿತ್ತಲ್ವಾ? ಎಲ್ಲರಿಗೂ ಬರುವ ಪ್ರಶ್ನೆ ಇದು. ಕಂಪನಿಗೆ ಬೇಕಾದದ್ದು ಬೇರೆ. 'ಎರಡೇ ನಿಮಿಷದಲ್ಲಿ ಖಾಲಿ' ಅನ್ನುವ ಸುದ್ದಿ ಅದಕ್ಕೆ ಪುಕ್ಕಟೆ ಜಾಹೀರಾತು. ಆ ಶೂ ಸಿಗದ ಹುಡುಗ ಬೇಜಾರಿನಲ್ಲಿ ಪಕ್ಕದ 110 ಡಾಲರಿನ ಸಾದಾ ಜೊತೆ ಕೊಳ್ಳುತ್ತಾನೆ. ನಿಜವಾದ ವ್ಯಾಪಾರ ಅಲ್ಲಿದೆ. ಮೆಜೆಸ್ಟಿಕ್‌ನ ಥಿಯೇಟರ್ ಮುಂದೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಓಡುತ್ತಿದ್ದರೆ ನಿರ್ಮಾಪಕ ಬಾಯಲ್ಲಿ ಬೈದರೂ ಒಳಗೊಳಗೆ ಖುಷಿ ಪಡುತ್ತಿದ್ದನಲ್ಲ, ಹಾಗೆ.

ಇದು ಸುಮ್ನೆ ಹೋಲಿಕೆ ಅಲ್ಲ. 2005ರ ಫೆಬ್ರವರಿ 22ರಂದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನಲ್ಲಿ ಪಾರಿವಾಳದ ಚಿತ್ರವಿರುವ ಒಂದು ನೈಕಿ ಡಂಕ್ ಶೂ ಮಾರಾಟಕ್ಕೆ ಬಂತು. ವಿನ್ಯಾಸ ಜೆಫ್ ಸ್ಟೇಪಲ್‌ನದು. ತಯಾರಿಸಿದ್ದು 150 ಜೊತೆ ಮಾತ್ರ. ಅಂಗಡಿ ಮುಂದೆ ಜನ ಸೇರಿ ಗಲಾಟೆಯಾಗಿ ಪೊಲೀಸರು ಬರಬೇಕಾಯಿತು. ಮಾರನೇ ದಿನ ನ್ಯೂಯಾರ್ಕ್ ಪೋಸ್ಟ್ ಮುಖಪುಟದಲ್ಲಿ ಶೂ ಗಲಾಟೆಯದೇ ಸುದ್ದಿ. ಶೂ ಅನ್ನುವುದು ಕಾಲಿಗೆ ಹಾಕುವುದಷ್ಟೇ ಅಲ್ಲ ಎಂದು ಉಳಿದ ಅಮೆರಿಕಕ್ಕೆ ಗೊತ್ತಾದದ್ದು ಅವತ್ತು.

ಈಗ ಸಾಲಿನಲ್ಲಿ ನಿಲ್ಲುವವರು ಕಡಿಮೆ. ಆ್ಯಪ್‌ನಲ್ಲಿ ಹೆಸರು ಕೊಟ್ಟು ಲಾಟರಿ ಕಾಯುತ್ತಾರೆ. ಆದರೆ ನಿಮ್ಮ ಪಕ್ಕದಲ್ಲಿ ಬಾಟ್‌ಗಳೂ ಕಾಯುತ್ತಿರುತ್ತವೆ. ಒಬ್ಬನೇ ಮನುಷ್ಯ ನೂರಾರು ಖಾತೆ ಇಟ್ಟುಕೊಂಡು ಪ್ರೋಗ್ರಾಮ್‌ನಿಂದ ಆರ್ಡರ್ ಹಾಕಿಸುತ್ತಾನೆ. ಅಮೆರಿಕದಲ್ಲಿ ಕಾರ್ಯಕ್ರಮದ ಟಿಕೆಟ್‌ಗಳನ್ನು ಹೀಗೆ ಬಾಟ್‌ನಿಂದ ಬಾಚುವುದಕ್ಕೆ 2016ರಲ್ಲೇ ಕಾನೂನು ತಡೆ ಹಾಕಿತು. ಶೂಗೆ ಆ ಕಾನೂನು ಮುಟ್ಟುವುದಿಲ್ಲ. 2021ರಲ್ಲಿ ನೈಕಿಯ ಉತ್ತರ ಅಮೆರಿಕ ವಿಭಾಗದ ಒಬ್ಬ ವೈಸ್ ಪ್ರೆಸಿಡೆಂಟ್ ರಾಜೀನಾಮೆ ಕೊಟ್ಟರು. ಅವರ ಮಗನೇ ದೊಡ್ಡ ಮರುಮಾರಾಟದ ವ್ಯಾಪಾರ ನಡೆಸುತ್ತಿದ್ದಾನೆ ಎಂದು ಪತ್ರಿಕೆಯೊಂದು ಬರೆದಿತ್ತು.

ಇನ್ನೊಂದು ಮಾತು. ಕೊಂಡ ಬೆಲೆಗಿಂತ ಜಾಸ್ತಿಗೆ ಮಾರುವುದು ಅಲ್ಲಿ ತಪ್ಪಲ್ಲ. ನಮ್ಮಲ್ಲಿರುವ ಎಂಆರ್‌ಪಿ ಅಲ್ಲಿಲ್ಲ. ಕಂಪನಿ ಹೇಳುವ ಬೆಲೆ ಬರೀ ಸಲಹೆ. ಅಸಲಿ ಮಾಲನ್ನು ಒಮ್ಮೆ ಕೊಂಡ ಮೇಲೆ ಅದು ಕೊಂಡವನದು. ಎಷ್ಟಕ್ಕೆ ಬೇಕಾದರೂ ಮಾರಿಕೊಳ್ಳಬಹುದು.

ಕೇಳುವ ಬೆಲೆ, ಕೊಡುವ ಬೆಲೆ

ಶಿರಸಿಯ ಅಡಿಕೆ ಮಾರುಕಟ್ಟೆ ನೋಡಿದವರಿಗೆ ಟೆಂಡರ್ ಗೊತ್ತು. ರೈತನ ಲಾಟ್ ಅಲ್ಲಿರುತ್ತದೆ. ವ್ಯಾಪಾರಿಗಳು ಬಂದು ಕೈಯಲ್ಲಿ ಹಿಡಿದು, ಒಡೆದು ನೋಡಿ, ತಮ್ಮ ದರ ಬರೆಯುತ್ತಾರೆ. ಒಂದು ಲಾಟ್ ಇನ್ನೊಂದರ ಹಾಗಿರುವುದಿಲ್ಲ. ಅದಕ್ಕೇ ಪ್ರತಿಯೊಂದನ್ನೂ ನೋಡಲೇಬೇಕು.

ಸ್ಟಾಕ್‌ಎಕ್ಸ್ ಮಾಡಿದ ಜಾಣತನ ಅಂದರೆ ನೋಡುವ ಈ ಕೆಲಸವನ್ನೇ ತೆಗೆದುಹಾಕಿದ್ದು. ಅಲ್ಲಿ ಮುಖ್ಯವಾಗಿ ನಡೆಯುವುದು ಒಮ್ಮೆಯೂ ಕಾಲಿಗೆ ಹಾಕದ ಹೊಸ ಶೂಗಳ ವ್ಯಾಪಾರ. ಈ ಜನರ ಭಾಷೆಯಲ್ಲಿ ಅದಕ್ಕೆ 'ಡೆಡ್‌ಸ್ಟಾಕ್' ಅನ್ನುತ್ತಾರೆ. ಮಾಡೆಲ್ ಒಂದೇ, ಸೈಜ್ ಒಂದೇ, ಎರಡೂ ಹಾಕದೆ ಇರುವಂಥವು ಅಂದಮೇಲೆ ಡಲ್ಲಾಸ್‌ನ ಜೊತೆಗೂ ಬಾಸ್ಟನ್‌ನ ಜೊತೆಗೂ ಏನು ವ್ಯತ್ಯಾಸ? ಆಗ ಮಾರುವವನು ಫೋಟೋ ಹಾಕಬೇಕಿಲ್ಲ. ಕೊಳ್ಳುವವನು ಮಾರುವವನ ಹೆಸರೂ ಕೇಳಬೇಕಿಲ್ಲ. ಒಂದು ಮಾಡೆಲ್‌ಗೆ ಒಂದೇ ಪುಟ. ಅದರಲ್ಲಿ ಪ್ರತಿ ಸೈಜ್‌ಗೂ ಬೇರೆ ಬೇರೆ ಪೇಟೆ.

ಆ ಪುಟದಲ್ಲಿ ಎರಡು ಅಂಕಿ ದೊಡ್ಡದಾಗಿ ಕಾಣುತ್ತವೆ. ಒಂದು 'ಆಸ್ಕ್', ಮಾರಲು ಕೂತವರಲ್ಲಿ ಅತಿ ಕಡಿಮೆ ಕೇಳುತ್ತಿರುವವನ ಬೆಲೆ. ಇನ್ನೊಂದು 'ಬಿಡ್', ಕೊಳ್ಳಲು ಕಾದವರಲ್ಲಿ ಅತಿ ಹೆಚ್ಚು ಕೊಡುತ್ತೇನೆ ಅಂದವನದು. ಸೈಜ್ 9ರಲ್ಲಿ ಆಸ್ಕ್ 300, ಬಿಡ್ 270 ಇದೆ ಅಂತಿಟ್ಟುಕೊಳ್ಳಿ. ಈಗಲೇ ಬೇಕು ಅನ್ನುವವನು 300 ಕೊಡಬೇಕು. ಈಗಲೇ ಮಾರಬೇಕು ಅನ್ನುವವನಿಗೆ ಸಿಗುವುದು 270. ಅವಸರ ಇಲ್ಲದವರು ನಡುವೆ ತಮ್ಮ ಬೆಲೆ ಹಾಕಿ ಕಾಯಬಹುದು. ಎದುರಿನಿಂದ ಯಾರಾದರೂ ಅಷ್ಟಕ್ಕೆ ಒಪ್ಪಿದ ತಕ್ಷಣ ವ್ಯಾಪಾರ ಮುಗಿಯಿತು. ಫೋನ್ ಮಾಡಿ ಚೌಕಾಸಿ ಮಾಡುವ ಪ್ರಶ್ನೆಯೇ ಇಲ್ಲ.

ಹೊಸಬರು ಎಡವುವುದು ಇಲ್ಲೇ. "ನನ್ನ ಶೂಗೆ 300 ಡಾಲರ್ ಬೆಲೆ ಇದೆ" ಅನ್ನುತ್ತಾರೆ. ಇಲ್ಲ, ಯಾರೋ 300 ಕೇಳುತ್ತಿದ್ದಾರೆ ಅಷ್ಟೆ. ಕೇಳುವುದಕ್ಕೇನು, ಯಾರು ಎಷ್ಟಾದರೂ ಕೇಳಬಹುದು. ನೋಡಬೇಕಾದದ್ದು ಆ ಪುಟದಲ್ಲೇ ಸ್ವಲ್ಪ ಕೆಳಗಿರುವ ಮಾರಾಟದ ಪಟ್ಟಿ. ಈ ವಾರ ಇದೇ ಸೈಜ್ ಎಷ್ಟು ಜೊತೆ ಹೋದವು, ಎಷ್ಟಕ್ಕೆ ಹೋದವು? ದಿನಕ್ಕೆ ಹತ್ತು ಹೋಗುವ ಶೂಗೆ ಆ ಬೆಲೆ ನಂಬಬಹುದು. ತಿಂಗಳಿಗೆ ಒಂದು ಹೋಗುವ ಸೈಜ್ 14ಕ್ಕೆ ಕೊನೆಯ ಬೆಲೆ ಅನ್ನುವುದು ಯಾವನೋ ಒಬ್ಬನ ಆಸೆಯ ಬೆಲೆ ಆಗಿರಬಹುದು.

ಕೈಗೆ ಬರುವ ಬೆಲೆ

ಅಳಿಯ ತನ್ನ ಲೆಕ್ಕದ ಹಾಳೆ ಕಳಿಸಿದ್ದ. ಅದನ್ನು ಸುಲಭದ ಅಂಕಿಯಲ್ಲಿ ಹೇಳುತ್ತೇನೆ. ಲಾಟರಿಯಲ್ಲಿ ಸಿಕ್ಕಿದ ಶೂ 180. ಡಲ್ಲಾಸ್‌ನಲ್ಲಿ ಸೇಲ್ಸ್ ಟ್ಯಾಕ್ಸ್ 8.25%. ಅಲ್ಲಿಗೆ ಕೈಯಿಂದ ಹೋದದ್ದು 194.85.

ಅದು 300ಕ್ಕೆ ಮಾರಾಟವಾಯಿತು ಅನ್ನಿ. ಹೊಸ ಮಾರಾಟಗಾರನಿಗೆ ಕಮಿಷನ್ ಸುಮಾರು 10%, ಅಂದರೆ 30. ದುಡ್ಡು ಕೈಗೆ ಹಾಕಲು 3%, ಅಂದರೆ 9. ಕೊರಿಯರ್‌ಗೆ 4 ಡಾಲರ್ ಅಂತಿಟ್ಟುಕೊಳ್ಳಿ. ಉಳಿದದ್ದು 257. ಲಾಭ 62 ಡಾಲರ್ ಚಿಲ್ಲರೆ. ಅವಸರಕ್ಕೆ ಬಿದ್ದು 270ರ ಬಿಡ್‌ಗೆ ಕೊಟ್ಟಿದ್ದರೆ ಅದು 36 ಆಗುತ್ತಿತ್ತು. ಬೆಲೆ ಇಳಿದದ್ದು ಹತ್ತರಲ್ಲಿ ಒಂದು ಪಾಲು, ಲಾಭ ಇಳಿದದ್ದು ಹತ್ತಿರ ಹತ್ತಿರ ಅರ್ಧ. 180ರ ಶೂ 300ಕ್ಕೆ ಹೋದರೆ 120 ಲಾಭ ಅಂತ ಯಾರಾದರೂ ವಿಡಿಯೋದಲ್ಲಿ ಹೇಳಿದರೆ ಅವರು ಈ ಕೂಡು-ಕಳೆ ಮಾಡಿಲ್ಲ ಅಂತಲೇ ಅರ್ಥ.

ಆ ಕಡೆ ಕೊಂಡವನೂ 300ಕ್ಕೇ ಪಾರಾಗುವುದಿಲ್ಲ. ಪ್ರೊಸೆಸಿಂಗ್ ಫೀ, ಕೊರಿಯರ್, ಅವನ ಊರಿನ ಟ್ಯಾಕ್ಸ್ ಎಲ್ಲ ಸೇರಿ 340 ದಾಟುತ್ತದೆ. ಹಾಗೆ ನೋಡಿದರೆ ಬೆಲೆ ನಾಲ್ಕಲ್ಲ, ಐದು. ಶೀರ್ಷಿಕೆ ಆಗಲೇ ಬರೆದುಬಿಟ್ಟಿದ್ದೇನೆ, ಇರಲಿ. ಒಬ್ಬ 340 ಕೊಟ್ಟ, ಇನ್ನೊಬ್ಬನಿಗೆ 257 ಸಿಕ್ಕಿತು. ನಡುವಿನ 80 ಚಿಲ್ಲರೆ ಡಾಲರಿನಲ್ಲಿ ಸರ್ಕಾರದ ಟ್ಯಾಕ್ಸ್, ಕೊರಿಯರ್ ಕಳೆದು ಉಳಿದದ್ದು ದಲ್ಲಾಳಿಯದು.

ಇನ್ನೊಂದು ಗಟ್ಟಿ ನಿಯಮ ಇದೆ. ವ್ಯಾಪಾರ ಕುದುರಿದ ಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ಮಾರಿದವನು ಎರಡು-ಮೂರು ದಿನದಲ್ಲಿ ಕಳಿಸದಿದ್ದರೆ ಅವನ ಕಾರ್ಡ್‌ನಿಂದ ದಂಡ ಕಡಿಯುತ್ತಾರೆ. ಕೊಂಡವನಿಗೆ ಸೈಜ್ ಬಿಗಿಯಾಯಿತು ಅನ್ನುವುದು ಸಾಮಾನ್ಯವಾಗಿ ವಾಪಸ್ ಮಾಡಲು ಕಾರಣ ಆಗುವುದಿಲ್ಲ. ಬೇಡವಾದರೆ ಅದೇ ಪೇಟೆಯಲ್ಲಿ ತಾನೂ ಆಸ್ಕ್ ಹಾಕಿ ಕೂರಬೇಕು.

ಎಲ್ಲ ಜಾಗಗಳೂ ಹೀಗೇ ಇಲ್ಲ. ಲಾಸ್ ಏಂಜಲೀಸ್ ಕಡೆಯ ಗೋಟ್ ಕಂಪನಿ ಹಾಕಿದ ಶೂಗಳನ್ನೂ ತೆಗೆದುಕೊಳ್ಳುತ್ತದೆ. ಅಂಥದ್ದಕ್ಕೆ ಫೋಟೋ ಬೇಕೇ ಬೇಕು. ಮಾರುವವನಿಗೆ ರೇಟಿಂಗ್ ಇರುತ್ತದೆ, ರೇಟಿಂಗ್ ಇಳಿದರೆ ಕಮಿಷನ್ ಏರುತ್ತದೆ. ಆನ್‌ಲೈನ್ ಹರಾಜಿಗೆ ಹೆಸರಾದ ಇಬೇಯಲ್ಲಿ ಮೊದಲಿನ ಹಾಗೆ ಪ್ರತಿ ಜೊತೆಗೂ ಬೇರೆ ಜಾಹೀರಾತು. ಹಾಕಿದ ಶೂ ಮಾರಬೇಕಾದವರಿಗೆ ಈ ಎರಡೇ ಸರಿ.

ಸ್ಟೂಡೆಂಟ್ ವೀಸಾದಲ್ಲಿ ಇರುವವರ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ತನಗೆ ಬೇಡವಾದ ಒಂದೆರಡು ಜೊತೆ ಮಾರಿಕೊಳ್ಳುವುದು ಬೇರೆ, ವಾರವಾರ ಕೊಂಡು ಮಾರುವ ದಂಧೆ ಬೇರೆ. ಎಫ್-1 ವೀಸಾದಲ್ಲಿ ಅನುಮತಿ ಇಲ್ಲದೆ ದುಡಿಯುವಂತಿಲ್ಲ. ಅಳಿಯನಿಗೆ ಇದನ್ನು ಹೇಳಿದ್ದು ಅವನ ರೂಮ್‌ಮೇಟ್. ಹನ್ನೊಂದು ಡಬ್ಬ ಹದಿನೈದು ಆಗದೆ ನಿಂತದ್ದು ಅದಕ್ಕೇ.

ಮೂಗಿನ ಹತ್ತಿರ ಹಿಡಿದು ನೋಡುವವರು

ಮುಖ ಗೊತ್ತಿಲ್ಲದವನಿಂದ 300 ಡಾಲರಿನ ಶೂ ಕೊಳ್ಳಲು ಜನ ಒಪ್ಪುವುದು ಯಾಕೆ? ಮಾರಿದವನ ಶೂ ನೇರವಾಗಿ ಕೊಂಡವನ ಮನೆಗೆ ಹೋಗುವುದಿಲ್ಲ, ಅದಕ್ಕೆ. ಮೊದಲು ಕಂಪನಿಯ ತಪಾಸಣೆ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಪಾಸಾದರೆ ಒಂದು ಟ್ಯಾಗ್ ಕಟ್ಟಿ ಮುಂದಕ್ಕೆ ಕಳಿಸುತ್ತಾರೆ. ಈ ಪೇಟೆಗಳು ನಿಜಕ್ಕೂ ಮಾರುವುದು ಆ ಟ್ಯಾಗನ್ನೇ. ಗೋಟ್ ಹುಟ್ಟಿದ ಕಥೆಯೂ ಇದೇ. ಅದನ್ನು ಕಟ್ಟಿದ ಇಬ್ಬರು ಗೆಳೆಯರಲ್ಲಿ ಒಬ್ಬನಾದ ಡೈಶಿನ್ ಸುಗಾನೊ ಆನ್‌ಲೈನ್‌ನಲ್ಲಿ ಕೊಂಡ ಏರ್ ಜೋರ್ಡನ್ 5 ಡೂಪ್ಲಿಕೇಟ್ ಆಗಿತ್ತು. ಆ ಸಿಟ್ಟಿನಿಂದ 2015ರಲ್ಲಿ ಕಂಪನಿ ಶುರುವಾಯಿತು. ಇಬೇ ಕೂಡ 2020ರಲ್ಲಿ ದುಬಾರಿ ಶೂಗಳಿಗೆ ತಪಾಸಣೆ ತಂದಿತು.

ತಪಾಸಣೆ ಮಾಡುವವರು ಏನು ನೋಡುತ್ತಾರೆ? ಮೊದಲು ಡಬ್ಬದ ಪಕ್ಕದ ಲೇಬಲ್. ಅದರ ಮೇಲೆ ಮಾಡೆಲ್ ಕೋಡ್ ಇರುತ್ತದೆ. ಪಾಂಡಾ ಅಂತ ಕರೆಯುವ ಕಪ್ಪು-ಬಿಳಿ ನೈಕಿ ಡಂಕ್‌ಗೆ ಡಿಡಿ1391-100. ಅದೇ ಕೋಡ್ ಶೂ ಒಳಗೆ ಹೊಲಿದ ಪುಟ್ಟ ಚೀಟಿಯಲ್ಲೂ ಇರಬೇಕು, ಎಡಕ್ಕೂ ಬಲಕ್ಕೂ. ಆಮೇಲೆ ಹೊಲಿಗೆ. ಒಂದು ಇಂಚಿಗೆ ಎಷ್ಟು ಹೊಲಿಗೆ, ತಿರುವಿನಲ್ಲಿ ದಾರ ಎಲ್ಲಿ ನಿಲ್ಲುತ್ತದೆ. ಹಿಮ್ಮಡಿಯ ಆಕಾರ. ಅಕ್ಷರಗಳ ದಪ್ಪ. ಯುವಿ ಲೈಟ್ ಹಾಕಿ, ಕಣ್ಣಿಗೆ ಕಾಣದ ಗುರುತು ಏನಾದರೂ ಉಳಿದಿದೆಯಾ ಎಂದು ಹುಡುಕುತ್ತಾರೆ. ಕೊನೆಗೆ ಶೂ ಎತ್ತಿ ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. ನಿಜ ಹೇಳುತ್ತಿದ್ದೇನೆ. ಒಂದೊಂದು ಕಾರ್ಖಾನೆಯ ಅಂಟಿಗೆ ಒಂದೊಂದು ವಾಸನೆ. ನಕಲಿ ಶೂಗೆ ಸಾಮಾನ್ಯವಾಗಿ ಅಗ್ಗದ ಅಂಟಿನ ಘಾಟು ಜಾಸ್ತಿ. ಸೀರೆ ಅಂಗಡಿಯಲ್ಲಿ ಅಜ್ಜಿ ಜರಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳಲ್ಲ, ಅಂಥದ್ದೇ ಅಭ್ಯಾಸ.

ಆದರೆ ಎದುರಾಳಿಗಳೂ ಕಮ್ಮಿ ಇಲ್ಲ. ಚೀನಾದ ಫುಜಿಯಾನ್ ಪ್ರಾಂತ್ಯದ ಪುಟಿಯನ್ ನಗರ ನಕಲಿ ಶೂಗಳಿಗೆ ಹೆಸರುವಾಸಿ. ದೊಡ್ಡ ಬ್ರ್ಯಾಂಡ್‌ಗಳಿಗೆ ಶೂ ಹೊಲಿದುಕೊಟ್ಟ ಅನುಭವ ಆ ಊರಿಗಿದೆ. ಅಲ್ಲಿಂದ ಬರುವ ಒಳ್ಳೆಯ ನಕಲು ಫುಟ್‌ಪಾತಿನ ಫಸ್ಟ್ ಕಾಪಿ ಥರ ಇರುವುದಿಲ್ಲ. ಅಸಲಿ ಜೊತೆ ಕೊಂಡು, ಅದನ್ನು ಬಿಚ್ಚಿ, ಪದರ ಪದರ ನೋಡಿ ಮಾಡಿದ್ದು. ರಸೀದಿ, ಡಬ್ಬ, ಕೊನೆಗೆ ತಪಾಸಣೆಯ ಟ್ಯಾಗನ್ನೂ ನಕಲು ಮಾಡುತ್ತಾರೆ.

ಹಾಗಾಗಿ ಟ್ಯಾಗ್ ನೂರಕ್ಕೆ ನೂರು ಗ್ಯಾರಂಟಿ ಅಲ್ಲ. ಇದು ನನ್ನ ಅನುಮಾನ ಅಲ್ಲ, ಕೋರ್ಟಿನಲ್ಲಿ ಬಂದ ಮಾತು. ನೈಕಿ 2022ರಲ್ಲಿ ಸ್ಟಾಕ್‌ಎಕ್ಸ್ ಮೇಲೆ ಕೇಸ್ ಹಾಕಿತ್ತು. ಶುರುವಾದದ್ದು ಶೂ ಚಿತ್ರದ ಎನ್‌ಎಫ್‌ಟಿ, ಅಂದರೆ ಕೊಂಡು ಮಾರುವ ಡಿಜಿಟಲ್ ಟೋಕನ್, ವಿಷಯಕ್ಕೆ. ಆಮೇಲೆ, ನಿಮ್ಮಲ್ಲಿ ನಾವೇ ಕೊಂಡ ನಾಲ್ಕು ಜೊತೆ ನಕಲಿ ಎಂಬ ಆರೋಪವೂ ಸೇರಿತು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರು 37 ಜೊತೆ ನಕಲಿ ಶೂ ಮಾರಿದ್ದಕ್ಕೆ ಸ್ಟಾಕ್‌ಎಕ್ಸ್ ಹೊಣೆ ಎಂದರು. ನೈಕಿ ಕೊಂಡ 4, ಒಬ್ಬ ಗಿರಾಕಿ ಕೊಂಡ 33. ಈ ಜಗಳದ ನಡುವೆ, 2022ರಲ್ಲೇ, ಸ್ಟಾಕ್‌ಎಕ್ಸ್ ತನ್ನ ಟ್ಯಾಗಿನ ಮೇಲಿದ್ದ 'ಅಸಲಿ' ಎಂಬರ್ಥದ ಪದ ತೆಗೆದು ಬರೀ 'ಪರಿಶೀಲಿಸಿದ್ದು' ಎಂಬರ್ಥದ ಪದ ಇಟ್ಟುಕೊಂಡಿತು. ಎರಡು ಪದಗಳ ನಡುವೆ ಎಷ್ಟು ದೂರ ಅಂತ ವಕೀಲರಿಗೆ ಚೆನ್ನಾಗಿ ಗೊತ್ತು.

ಲಕ್ಷಾಂತರ ಜೊತೆಗಳಲ್ಲಿ ಕೋರ್ಟಿನಲ್ಲಿ ಸಾಬೀತಾದದ್ದು 37. ಹಾಗಾಗಿ ಹೆದರಿ ಓಡಬೇಕಿಲ್ಲ. ಡಬ್ಬ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ಟ್ಯಾಗ್ ಕತ್ತರಿಸುವ ಮುಂಚೆ ಲೇಬಲ್ ಮತ್ತು ಒಳಚೀಟಿ ಹೋಲಿಸಿ ನೋಡಿ. ಐದು ನಿಮಿಷದ ಕೆಲಸ.

ಈ ಐದು ನಿಮಿಷ ನಾನು ತೆಗೆದುಕೊಳ್ಳಲಿಲ್ಲ. ಅಳಿಯನ ಗಾಳಿ ತಾಗಿ ನಾನೂ ಒಂದು ಪಾಂಡಾ ಕೊಳ್ಳಲು ಹೊರಟಿದ್ದೆ. ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬ ಹುಡುಗ, ಅಂಗಡಿ ಬೆಲೆಗಿಂತ ಎರಡು ಸಾವಿರ ಕಡಿಮೆ. "ಅಣ್ಣಾ, ಒಂದೇ ಪೀಸ್ ಉಳಿದಿರೋದು" ಅಂದ. ಯುಪಿಐನಲ್ಲಿ ದುಡ್ಡು ಹಾಕಿದೆ. ಶೂ ಬಂತು, ಚೆನ್ನಾಗಿಯೇ ಇತ್ತು. ಎರಡು ವಾರ ಹಾಕಿಕೊಂಡು ಓಡಾಡಿದ ಮೇಲೆ ಒಂದು ದಿನ ಲೇಸ್ ಸಡಿಲ ಮಾಡಿ ಒಳಗಿನ ಚೀಟಿ ನೋಡಿದೆ. ಡಬ್ಬದ ಮೇಲೆ ಡಿಡಿ1391-100. ಶೂ ಒಳಗೆ ಬೇರೆ ಯಾವುದೋ ಕೋಡ್. ಎಡಗಾಲಿನ ಚೀಟಿಯಲ್ಲಿ ಒಂದು, ಬಲಗಾಲಿನಲ್ಲಿ ಇನ್ನೊಂದು! ಆ ಹುಡುಗನ ಖಾತೆ ಹುಡುಕಿದರೆ ಅಷ್ಟರಲ್ಲಿ ಮಾಯ. ನೇರವಾಗಿ ಕೊಳ್ಳುವಾಗ ಕಮಿಷನ್ ಉಳಿಯುತ್ತದೆ ನಿಜ. ಆದರೆ ಮೂಸಿ ನೋಡುವ ಆ ಮೂರನೆಯವನು ನಡುವೆ ಇರುವುದಿಲ್ಲ.

ಮುಂಗಡ ಕೊಡುವುದಂತೂ ಇನ್ನೂ ಅಪಾಯ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜಾದೆ ಕಿಕ್ಸ್ ಎಂಬ ವ್ಯಾಪಾರ ಇತ್ತು. ಶೂ ಬಿಡುಗಡೆಗೂ ಮುಂಚೆ, ಡಬ್ಬದ ಬೆಲೆಗಿಂತ ಕಡಿಮೆಗೆ ಆರ್ಡರ್ ತೆಗೆದುಕೊಳ್ಳುತ್ತಿತ್ತು. 2022ರಲ್ಲಿ ಸರ್ಕಾರಿ ವಕೀಲರು ಮಾಲೀಕನ ಮೇಲೆ ವಂಚನೆಯ ಆರೋಪ ಹೊರಿಸಿದರು. ಅವರ ಪ್ರಕಾರ ಏರ್ ಜೋರ್ಡನ್ 11 ಕೂಲ್ ಗ್ರೇ ಶೂ ಒಂದಕ್ಕೇ ಸುಮಾರು 6 ಲಕ್ಷ ಜೊತೆಗೆ ಆರ್ಡರ್ ಹಿಡಿದಿದ್ದ. ಅವನಿಗೆ ಸಿಕ್ಕಿದ್ದು 6 ಸಾವಿರ ಚಿಲ್ಲರೆ. ಹೊಸಬರ ದುಡ್ಡಿನಲ್ಲಿ ಹಳಬರಿಗೆ ಕೊಡುತ್ತಾ ಹೋಗುವ ಚೀಟಿ ವ್ಯವಹಾರ ನಮಗೆ ಹೊಸದೇನಲ್ಲ, ಶೂ ರೂಪದಲ್ಲಿ ಬಂದದ್ದಷ್ಟೇ ಹೊಸದು.

ಸೈಜ್, ಮತ್ತು ಡಬ್ಬದೊಳಗೆ ಕಾಯುವ ಶೂ

ಭಾರತದಲ್ಲೂ ಈ ವ್ಯಾಪಾರ ಬೆಳೆದಿದೆ. ಪುಣೆಯಲ್ಲಿ ಶುರುವಾದ ಮೇನ್‌ಸ್ಟ್ರೀಟ್ ಮಾರ್ಕೆಟ್‌ಪ್ಲೇಸ್, ದೆಹಲಿಯ ಕ್ರೆಪ್‌ಡಾಗ್ ಕ್ರ್ಯೂ ಇಲ್ಲಿ ದೊಡ್ಡ ಹೆಸರುಗಳು. ಮೇನ್‌ಸ್ಟ್ರೀಟ್‌ಗೆ ದುಡ್ಡು ಹಾಕಿದವರಲ್ಲಿ ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾದ ನಿಖಿಲ್ ಕಾಮತ್ ಕೂಡ ಒಬ್ಬರು. ಇಲ್ಲಿ ಬೆಲೆ ಅಮೆರಿಕಕ್ಕಿಂತ ಏರುವುದಕ್ಕೆ ಕಾರಣ ಹಲವು. ಆಮದು ಸುಂಕ ಇದೆ, 2,500 ರೂಪಾಯಿಗೆ ಮೇಲಿನ ಶೂಗೆ 18% ಜಿಎಸ್‌ಟಿ ಇದೆ. ವ್ಯಾಪಾರಕ್ಕೆ ತರಿಸುವ ಶೂಗೆ ಬಿಐಎಸ್ ಗುಣಮಟ್ಟದ ನಿಯಮವೂ ಬಂದಿದೆ. ಇಲ್ಲಿ ಷೇರು ಪೇಟೆ ಥರದ ಬಿಡ್-ಆಸ್ಕ್‌ಗಿಂತ, ನಿಮ್ಮ ಶೂ ಅವರ ಹತ್ತಿರ ಇಟ್ಟು, ಮಾರಾಟವಾದ ಮೇಲೆ ಕಮಿಷನ್ ಕಳೆದು ದುಡ್ಡು ತೆಗೆದುಕೊಳ್ಳುವ ಪದ್ಧತಿ ಜಾಸ್ತಿ.

ಇಲ್ಲಿಯವರು ಅಲ್ಲಿಂದ ತರಿಸುವಾಗ ಹೆಚ್ಚು ಕೆಡುವುದು ಸೈಜ್. ನಮ್ಮ ಅಂಗಡಿಗಳಲ್ಲಿ ಹೇಳುವುದು ಯುಕೆ ಸೈಜ್, ಅಲ್ಲಿ ಯುಎಸ್. ನೈಕಿಯಲ್ಲಿ ಯುಕೆ 8 ಅಂದರೆ ಯುಎಸ್ 9. ಅಡಿಡಾಸ್‌ನಲ್ಲಿ ಅದೇ ಯುಕೆ 8 ಅಂದರೆ ಯುಎಸ್ ಎಂಟೂವರೆ. ಹೆಂಗಸರ ಅಂಕಿ ಗಂಡಸರದಕ್ಕಿಂತ ಒಂದೂವರೆ ಜಾಸ್ತಿ. ಅಂಕಿಯ ಮುಂದೆ 'ವೈ' ಅಕ್ಷರ ಇದ್ದರೆ ಅದು ಮಕ್ಕಳ ಆವೃತ್ತಿ. ನೋಡಲು ಅದೇ ಶೂ, ಆದರೆ ಅದರ ಕೋಡ್ ಬೇರೆ, ಪುಟ ಬೇರೆ, ಬೆಲೆ ಕಡಿಮೆ. ಅಳಿಯ ಒಮ್ಮೆ ದೊಡ್ಡವರ ಪುಟದ ಬೆಲೆ ನೋಡಿಕೊಂಡು, ಯಾರಿಂದಲೋ ಐದೂವರೆ ವೈ ಸೈಜಿನ ಜೋರ್ಡನ್ 1 ಕೊಂಡು ತಂದ. ಅದನ್ನು ಮಾರಲು ಹೋದಾಗ ಕಮಿಷನ್ ಕಳೆದು ಅಸಲೂ ಹುಟ್ಟಲಿಲ್ಲ. ಹಾಗೇ ಮೂಲೆ ಸೇರಿತು.

ಕಾದರೆ ಬೆಲೆ ಏರುತ್ತದೆ ಅಂತ ಇಟ್ಟುಕೊಳ್ಳುವವರು ಇಬ್ಬರಿಗೆ ಹೆದರಬೇಕು. ಮೊದಲನೆಯದು ಕಂಪನಿ. ಪಾಂಡಾ ಡಂಕ್ 2021ರಲ್ಲಿ ಬಂದಾಗ ಸಿಗುವುದೇ ಕಷ್ಟ ಇತ್ತು. ನೈಕಿ ಅದನ್ನು ಮತ್ತೆ ಮತ್ತೆ ತಂದು ಸುರಿಯಿತು. ಈಗ ಡಬ್ಬದ ಬೆಲೆಗಿಂತ ಕಡಿಮೆಗೂ ಸಿಗುತ್ತದೆ. ಅಡಿಡಾಸ್‌ನದೂ ಹೀಗೇ ಆಯಿತು. 2022ರ ಅಕ್ಟೋಬರ್‌ನಲ್ಲಿ ಅದು ರ‍್ಯಾಪ್ ಗಾಯಕ ಯೇ, ಅಂದರೆ ಹಿಂದಿನ ಕಾನ್ಯೆ ವೆಸ್ಟ್, ಜೊತೆಗಿನ ಒಪ್ಪಂದ ಕಡಿದುಕೊಂಡಿತು. ಇನ್ನು ಇಬ್ಬರೂ ಸೇರಿ ತರುತ್ತಿದ್ದ ಈಜಿ ಶೂ ಬರುವುದೇ ಇಲ್ಲ ಅಂತ ಕೆಲವರು ರಾಶಿ ಹಾಕಿಕೊಂಡರು. 2023ರ ಮೇ ತಿಂಗಳಿಂದ ಕಂಪನಿ ತನ್ನ ಗೋದಾಮಿನಲ್ಲಿ ಉಳಿದದ್ದನ್ನೆಲ್ಲ ಮಾರಾಟಕ್ಕೆ ಬಿಟ್ಟಿತು.

ಎರಡನೆಯದು ಗಾಳಿ. ಜೋರ್ಡನ್ 3, 4, 5ರ ಅಟ್ಟೆಯ ನಡುವಿನ ಮೆತ್ತನೆಯ ಪದರ ಪಾಲಿಯುರೆಥೇನ್‌ನದು. ಗಾಳಿಯ ತೇವ ವರ್ಷಾನುಗಟ್ಟಲೆ ಅದರೊಳಗೆ ಸೇರಿ ಅದನ್ನು ಒಡೆಯುತ್ತದೆ. ಹೊರಗಿನಿಂದ ನೋಡಿದರೆ ಹೊಸ ಶೂ. ಹದಿನೈದು-ಇಪ್ಪತ್ತು ವರ್ಷದ ಡೆಡ್‌ಸ್ಟಾಕ್ ಜೊತೆಯನ್ನು ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ಇಟ್ಟರೆ ಗಟ್ಟಿ ಮೈಸೂರು ಪಾಕ್ ಥರ ಪುಡಿಯಾಗಿ ನೆಲಕ್ಕೆ ಉದುರುತ್ತದೆ. ಆಗಾಗ ಹಾಕಿದ ಜೊತೆಯೇ ಹೆಚ್ಚು ಬಾಳುತ್ತದೆ ಅಂತ ಹಳೆಯ ಸಂಗ್ರಹಕಾರರು ಹೇಳುತ್ತಾರೆ. ಮಂಗಳೂರಿನ ಮಳೆಗಾಲದಲ್ಲಿ ಜೋರ್ಡನ್ 4 ಕೂಡಿಡಲು ಹೊರಟವರು ಇದನ್ನು ಒಮ್ಮೆ ಯೋಚಿಸಬೇಕು. ಜೋರ್ಡನ್ 1ಕ್ಕೆ ಈ ಕಾಟ ಕಡಿಮೆ. ಅದರ ಅಟ್ಟೆ ಸುತ್ತಲೂ ಹೊಲಿದ ಗಟ್ಟಿ ರಬ್ಬರ್.

ಹೋದ ಬೇಸಿಗೆಯಲ್ಲಿ ಅಕ್ಕ ಡಲ್ಲಾಸ್‌ಗೆ ಹೋಗಿ ಬಂದಳು. ಹನ್ನೊಂದು ಡಬ್ಬದಲ್ಲಿ ನಾಲ್ಕು ಮಾತ್ರ ಉಳಿದಿದ್ದವಂತೆ. ಬೆಳಗ್ಗೆ ವಾಕಿಂಗ್ ಹೋಗಲು ಚಪ್ಪಲಿ ಸರಿಹೋಗದೆ ಮೂಲೆಯಲ್ಲಿದ್ದ ಒಂದು ಡಬ್ಬ ತೆಗೆದಳಂತೆ. ಐದೂವರೆ ವೈ ಅಂದರೆ ಹೆಂಗಸರ 7. ಅವಳ ಕಾಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಈಗ ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ದಿನಾ ಅದನ್ನೇ ಹಾಕಿಕೊಂಡು ಹೋಗುತ್ತಾಳೆ. ಸೀರೆ, ಸ್ವೆಟರ್, ಕೆಂಪು ಜೋರ್ಡನ್. ಬೆಲೆ ಎಷ್ಟು ಅಂತ ನಾವಿಬ್ಬರೂ ಇನ್ನೂ ಹೇಳಿಲ್ಲ.